ಕೇಳಿದ್ದನ್ನು ಕನ್ನಡದಲ್ಲೇ ಬರೆಸಿ ಇಂಗ್ಲಿಷ್ ಕಿವಿ ತಿದ್ದಿದ ಬಗೆ

'ಫಾರ್ ಆಲ್ ಇಂಟೆನ್ಸಿವ್ ಪರ್ಪಸಸ್', 'ಕೇಸ್ ಆ್ಯಂಡ್ ಪಾಯಿಂಟ್', 'ಒನ್ ಇನ್ ದ ಸೇಮ್', 'ಡ್ಯಾಂಪ್ ಸ್ಕ್ವಿಡ್'. 'ಫಾರ್ ಆಲ್ ಇಂಟೆಂಟ್ಸ್ ಆ್ಯಂಡ್ ಪರ್ಪಸಸ್', 'ಕೇಸ್ ಇನ್ ಪಾಯಿಂಟ್', 'ಒನ್ ಆ್ಯಂಡ್ ದ ಸೇಮ್', 'ಡ್ಯಾಂಪ್ ಸ್ಕ್ವಿಬ್' ಎಂಬ ನುಡಿಗಟ್ಟುಗಳು ಇಂಗ್ಲಿಷ್ ಕಲಿಯುವವರ ಬಾಯಲ್ಲಿ ಹೀಗಾಗುತ್ತವೆ. ಇವನ್ನೆಲ್ಲ ನಾಲಿಗೆಯ ತಪ್ಪು ಎಂದುಕೊಂಡು ತಿದ್ದಲು ಕೂತರೆ ವರ್ಷವಿಡೀ ತಿದ್ದುತ್ತಲೇ ಇರಬೇಕು. ಎಡವಿದ್ದು ಕಿವಿ. ಹಾಗಾಗಿ ನಾನು ಕಿವಿಯಿಂದಲೇ ಶುರು ಮಾಡಿದೆ, ಅದೂ ಕೇಳಿದ್ದನ್ನು ಕನ್ನಡ ಲಿಪಿಯಲ್ಲಿ ಬರೆಸಿ. ನನ್ನ ಜೊತೆ ಇಂಗ್ಲಿಷ್ ಪಾಠ ಹೇಳುವವರು 'ಇದ್ದಬದ್ದ ಉಚ್ಚಾರಣೆಯೂ ಕೆಡುತ್ತೆ, ಬೇಡ' ಎಂದರು. ಕೆಡಲಿಲ್ಲ. ಸುಮಾರು 20 ಜನರ ತಂಡದಲ್ಲಿ 14–15 ಮಂದಿ ಎರಡೂವರೆ ತಿಂಗಳೊಳಗೆ ತಮ್ಮ ತಪ್ಪನ್ನು ತಾವೇ ಹಿಡಿಯತೊಡಗಿದರು. ಬೇರೆ ಯಾವ ದಾರಿಯಲ್ಲೂ ನನಗೆ ಇಷ್ಟು ಫಲ ಸಿಕ್ಕಿದ್ದಿಲ್ಲ.

ಮೊದಲು ಸೋತದ್ದನ್ನು ಹೇಳುತ್ತೇನೆ, ಹಣ ಹೋದದ್ದು ಅಲ್ಲೇ. ತಪ್ಪು-ಸರಿ ಪಟ್ಟಿ ಮಾಡಿ ಅಚ್ಚು ಹಾಕಿಸಿದೆ, 200 ಪದ ಇದ್ದಿರಬೇಕು. ಪಟ್ಟಿ ಓದುವಾಗ ಎಲ್ಲರದ್ದೂ ಸರಿ, ಮಾತಿಗಿಳಿದರೆ ಮತ್ತದೇ. ಆಮೇಲೆ ಉಚ್ಚಾರಣೆಗೆ ಅಂಕ ಕೊಡುವ ಆ್ಯಪ್‌ಗೆ ಒಂದು ವರ್ಷದ ಚಂದಾ ಕಟ್ಟಿದೆ. ಅದು ಬಿಡಿ ಪದವನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಈ ತಪ್ಪುಗಳು ಇರುವುದು ಪದ ಮತ್ತು ಪದದ ನಡುವೆ. ಮಾತನ್ನು ಬರಹ ಮಾಡುವ ಸಾಫ್ಟ್‌ವೇರ್ ಇನ್ನೂ ದಾರಿ ತಪ್ಪಿಸಿತು: 'ಇಂಟೆನ್ಸಿವ್ ಪರ್ಪಸಸ್' ಎಂದರೂ ಅದು ಸುತ್ತಲಿನ ಪದ ನೋಡಿ ಊಹಿಸಿ 'ಇಂಟೆಂಟ್ಸ್ ಆ್ಯಂಡ್ ಪರ್ಪಸಸ್' ಎಂದೇ ಬರೆದುಕೊಡುತ್ತದೆ. ಕಲಿಯುವವರಿಗೆ ತಾನು ಹೇಳಿದ್ದು ಸರಿ ಎಂಬ ಭ್ರಮೆ. ಒಂದು ತಿಂಗಳ ಪಾಠದ ಗಳಿಕೆ ಸುರಿದು ತಂದ ಮೈಕೂ ದಂಡ. ಫೋನಿನ ಇಯರ್‌ಫೋನ್ ಮೈಕ್ ಸಾಕು, ಕೋಣೆ ಮೊಳಗದಂತೆ ಎದುರಿಗೊಂದು ದಪ್ಪ ರಗ್ಗು ತೂಗುಹಾಕಿದರೆ ಆಯಿತು.

ಈಗ ಮಾಡುವ ಕ್ರಮ ಇದು. ಸಹಜ ವೇಗದ ಮಾತಿನ 6ರಿಂದ 8 ಸೆಕೆಂಡಿನ ತುಣುಕು. ಮೂರು ಸಲ ಕೇಳಿಸುವುದು, ಅರ್ಥ ಯೋಚಿಸದೆ ಕಿವಿಗೆ ಬಿದ್ದದ್ದನ್ನು ಕನ್ನಡದಲ್ಲಿ ಬರೆಯುವುದು, ಪದಗಳ ನಡುವೆ ಜಾಗ ಬಿಡುವಂತಿಲ್ಲ. ಇಂಗ್ಲಿಷ್ ಲಿಪಿಯಲ್ಲಿ ಬರೆಸಿದರೆ ಕೈ ತನಗೆ ಗೊತ್ತಿರುವ ಕಾಗುಣಿತ ಬರೆಯುತ್ತದೆ, ಕೇಳಿದ್ದನ್ನಲ್ಲ. ಆಮೇಲೆ ದನಿ ತಿದ್ದುವ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ ವೇಗವನ್ನು 75%ಕ್ಕೆ ಇಳಿಸಿ ಮತ್ತೊಮ್ಮೆ. ಇಲ್ಲಿ 'ಚೇಂಜ್ ಟೆಂಪೊ' ಬಳಸಬೇಕು. 'ಚೇಂಜ್ ಸ್ಪೀಡ್' ಬಳಸಿದರೆ ದನಿಯೂ ದಪ್ಪವಾಗಿ ಸ್ವರ ಗುರುತು ಹತ್ತುವುದಿಲ್ಲ. 60%ಕ್ಕಿಂತ ಕೆಳಗೆ ಹೋಗಬೇಡಿ, ಎಲ್ಲ ಕಲಸಿಹೋಗುತ್ತದೆ.

ಕನ್ನಡ ಲಿಪಿಯಲ್ಲಿ ಕೆಲವು ಕೊರತೆಗಳಿವೆ, ಅವಕ್ಕೆ ಗುರುತು ಮೊದಲೇ ಗೊತ್ತುಮಾಡಿಕೊಳ್ಳಬೇಕು. 'ಅಬೌಟ್' ಪದದ ಮೊದಲಲ್ಲಿ ಬರುವ ಬಲವಿಲ್ಲದ ಅಸ್ಪಷ್ಟ ಸ್ವರಕ್ಕೆ ನಾನು ಅ ಬರೆದು ಸುತ್ತ ವೃತ್ತ ಹಾಕಿಸುತ್ತೇನೆ. 'ವೆಟ್' ಪಶುವೈದ್ಯನೋ ಒದ್ದೆಯೋ ತಿಳಿಯಬೇಕಾದರೆ ತುಟಿ ದುಂಡಾಗುವ ವಕಾರಕ್ಕೆ ಅಡಿಗೆರೆ. ಫ಼, ಜ಼ ಚುಕ್ಕೆಯಂತೂ ಎಲ್ಲರಿಗೂ ಗೊತ್ತು.

ಒಂದನ್ನು ಬಿಡಿಸಿ ತೋರಿಸುತ್ತೇನೆ. ತುಣುಕಿನಲ್ಲಿ ಇರುವುದು 'ಫ಼ರಾಲಿನ್ಟೆನ್ಸಮ್‌ಪರ್ಪಸಿಜ಼್'. 'ಇಂಟೆಂಟ್ಸ್'ನ ಎರಡನೆಯ ಟ್ ನಕಾರ-ಸಕಾರದ ನಡುವೆ ಸಿಕ್ಕಿ ಮಾಯ. 'ಆ್ಯಂಡ್' ಸವೆದು ಬರೀ ನ್, ಮುಂದಿನ ಪಕಾರಕ್ಕೆ ತುಟಿ ಮುಚ್ಚುವ ಅವಸರದಲ್ಲಿ ಅದೂ ಮ್. ಕಿವಿಗೆ 'ಇನ್ಟೆನ್ಸಮ್' ಎಂಬ ಪದ ಗೊತ್ತಿಲ್ಲ, ಹತ್ತಿರದ 'ಇಂಟೆನ್ಸಿವ್' ಎತ್ತಿಕೊಳ್ಳುತ್ತದೆ. ಹಾಳೆಯಲ್ಲಿ '…ಟೆನ್ಸಿವ್‌ಪರ್ಪಸ…' ಎಂದು ಬರೆದವರನ್ನು 'ವ್ ಎಲ್ಲಿ ಕೇಳಿಸಿತು, ತೋರಿಸಿ' ಎಂದು ಕೇಳಿ ಅಷ್ಟನ್ನೇ ಮತ್ತೆ ಹಾಕಬೇಕು. ಅಲ್ಲಿ ಮ್ ಇದೆ ಎಂದು ಅವರೇ ಹೇಳಿದ ಗಳಿಗೆಗೆ ತಪ್ಪು ಸತ್ತಿತು ಎಂದೇ ಲೆಕ್ಕ. ನಾವು ಹೇಳಿಕೊಟ್ಟರೆ ಸಾಯುವುದಿಲ್ಲ. ಬಳಿಕ ಬಾಯಿ ಕೆಲಸ, ಹಿಂದಿನಿಂದ ಮುಂದಕ್ಕೆ: ಪರ್ಪಸಸ್, ಆ್ಯಂಡ್ ಪರ್ಪಸಸ್, ಇಂಟೆಂಟ್ಸ್ ಆ್ಯಂಡ್ ಪರ್ಪಸಸ್, ಹೀಗೆ. ಎರಡು ದಿನ, ಒಂದು ವಾರ, ಮೂರು ವಾರ ಬಿಟ್ಟು ಮತ್ತೆ ಅದೇ ತುಣುಕು. 'ಕೇಸ್ ಇನ್ ಪಾಯಿಂಟ್', 'ಒನ್ ಆ್ಯಂಡ್ ದ ಸೇಮ್' ಇವಕ್ಕೂ ಇದೇ ಮದ್ದು, ಮಾತಿನಲ್ಲಿ 'ಇನ್' ಮತ್ತು 'ಆ್ಯಂಡ್' ಎರಡೂ ಸವೆದು ಹೆಚ್ಚುಕಮ್ಮಿ ಒಂದೇ ಆಗುವುದರಿಂದ ಹುಟ್ಟಿದವು.

'ಕುಡ್ ಹ್ಯಾವ್' ಬದಲು ಬರೆಯುವ 'ಕುಡ್ ಆಫ್' (could of) ತಪ್ಪಿಗೆ ಮಾತ್ರ ಈ ಮದ್ದು ನಾಟದು. ಬಲವಿಲ್ಲದ 'ಹ್ಯಾವ್' ಕೂಡ ಅವ್, 'ಆಫ್' ಕೂಡ ಅವ್. ಕಿವಿ ಕೇಳಿದ್ದು ಸರಿಯೇ. ಅಲ್ಲಿ ವ್ಯಾಕರಣ ಹೇಳಿ ಮುಂದೆ ಹೋಗಿ. 'ಡ್ಯಾಂಪ್ ಸ್ಕ್ವಿಬ್' ಕೂಡ ಬೇರೆ ಜಾತಿ: ಸ್ಕ್ವಿಬ್ ಎಂದರೆ ಸಣ್ಣ ಪಟಾಕಿ, ಒದ್ದೆಯಾದರೆ ಹತ್ತುವುದಿಲ್ಲ. ಪದ ಗೊತ್ತಿಲ್ಲದವರು ಗೊತ್ತಿರುವ ಸಮುದ್ರಜೀವಿಯನ್ನು ತಂದು ಕೂರಿಸುತ್ತಾರೆ. ಇಂಥ ಅರ್ಥವತ್ತಾದ ತಪ್ಪಿಗೆ 2003ರಿಂದ 'ಎಗ್‌ಕಾರ್ನ್' ಎಂಬ ಹೆಸರಿದೆ, 'ಏಕಾರ್ನ್' ಎಂಬ ಓಕ್ ಮರದ ಕಾಯಿಯನ್ನು ಯಾರೋ ಹಾಗೆ ಕೇಳಿಸಿಕೊಂಡದ್ದರಿಂದ. ಕಲಿಯುವವರು ನಾಚಿಕೊಂಡರೆ ಹೇಳಿ: 'ಏಪ್ರನ್' ಮೊದಲು 'ನೇಪ್ರನ್' ಆಗಿತ್ತು, 'ಎ' ಜೊತೆ ಸೇರಿ ಕೇಳಿ ಕೇಳಿ ನ್ ಆಚೆ ಹೋಯಿತು. 'ನಿಕ್‌ನೇಮ್' ಇದರ ತಿರುಗಾಮುರುಗಾ, 'ಆ್ಯನ್ ಎಕ್‌ನೇಮ್'ನಿಂದ ನ್ ಈಚೆ ಬಂತು. 'ಸ್ಕೇಪ್‌ಗೋಟ್' ಬದಲು 'ಎಸ್ಕೇಪ್ ಗೋಟ್' ಎನ್ನುವವರನ್ನು ನೋಡಿ ನಗುತ್ತಾರೆ, ಆದರೆ 1530ರಲ್ಲಿ ಟಿಂಡೇಲ್ ಬೈಬಲ್ ಅನುವಾದಕ್ಕೆ ಆ ಪದ ಕಟ್ಟಿದ್ದೇ ತಪ್ಪಿಸಿಕೊಳ್ಳುವ ಆಡು ಎಂಬ ಅರ್ಥದಲ್ಲಿ.

ಓದಿ ಕಲಿತ ತಪ್ಪುಗಳಿಗೆ ದಾರಿ ಉಲ್ಟಾ. 'ಮಿಸ್‌ಲೆಡ್' ಅನ್ನು 'ಮೈಸಲ್ಡ್', 'ಎಪಿಟಮಿ'ಯನ್ನು 'ಎಪಿಟೋಮ್', 'ಅರೈ' (awry) ಪದವನ್ನು 'ಆರಿ' ಎಂದು ಓದಿಕೊಂಡವರಿಗೆ ಮೊದಲು ಹತ್ತು ಸಲ ಬರೀ ದನಿ, ಆಮೇಲಷ್ಟೇ ಕಾಗುಣಿತ. 'ಡೆಟ್' (debt) ಪದದ ಬಿ ಅಂತೂ ಲ್ಯಾಟಿನ್ ಮೂಲ ಕಾಣಲಿ ಎಂದು ಪಂಡಿತರು ಸೇರಿಸಿದ್ದು, ಫ್ರೆಂಚಿನಿಂದ ಪದ ಬಂದಾಗ ಉಚ್ಚಾರದಲ್ಲಿ ಇರಲೇ ಇಲ್ಲ.

ಫಿಫ್ಟೀನ್-ಫಿಫ್ಟಿ ಗೊಂದಲಕ್ಕೆ ರಬ್ಬರ್ ಬ್ಯಾಂಡ್ ಸಾಕು. ಒತ್ತು ಬೀಳುವ ಕಡೆ ಎಳೆಯುವುದು: 15ಕ್ಕೆ ಕೊನೆಯಲ್ಲಿ, 50ಕ್ಕೆ ಮೊದಲಲ್ಲಿ. ಕಾಸಿನ ಖರ್ಚಿಲ್ಲ, ಚಂದಾ ಕಟ್ಟಿದ ಆ್ಯಪ್‌ಗಿಂತ ಹೆಚ್ಚು ಕೆಲಸ ಮಾಡಿತು.

ಹಾಡಿನಲ್ಲೂ ಪ್ರಯತ್ನಿಸಿದೆ. ರಾಗ ಒತ್ತನ್ನು ಎಲ್ಲೆಂದರಲ್ಲಿ ಹಾಕುವುದರಿಂದ ಅಲ್ಲಿ ಕಲಿತದ್ದು ಮಾತಿಗೆ ಬರುವುದಿಲ್ಲ. ಪದ್ಯ, ಹಾಡುಗಳ ತಪ್ಪುಕೇಳ್ವಿಗೆ 1954ರಲ್ಲಿ ಲೇಖಕಿ ಸಿಲ್ವಿಯಾ ರೈಟ್ 'ಮಾಂಡಗ್ರೀನ್' ಎಂದು ಹೆಸರಿಟ್ಟದ್ದೂ ಹಳೆಯ ಲಾವಣಿಯೊಂದರ 'ಲೇಡ್ ಹಿಮ್ ಆನ್ ದ ಗ್ರೀನ್' ಅನ್ನು ತಾವು 'ಲೇಡಿ ಮಾಂಡಗ್ರೀನ್' ಎಂದು ಕೇಳಿಸಿಕೊಂಡದ್ದರಿಂದಲೇ. ಪ್ರಾಟ್ ಎಂಬ ದನಿ ವಿಶ್ಲೇಷಿಸುವ ಸಾಫ್ಟ್‌ವೇರ್‌ನಲ್ಲಿ ದನಿಯ ಚಿತ್ರ ತೋರಿಸಿಯೂ ನೋಡಿದೆ; ಜನ ಚಿತ್ರ ನೋಡುತ್ತ ಕೇಳುವುದನ್ನೇ ಬಿಟ್ಟರು. 'ಸೀಟ್'ಗಿಂತ 'ಸೀಡ್' ಪದದ ಸ್ವರ ಉದ್ದ ಎಂದು ತೋರಿಸಲಷ್ಟೇ ಉಪಯೋಗ.

ತುಣುಕುಗಳನ್ನು ಯಾವುದರ ಹಿಂದೆ ಯಾವುದು ಎಂದು ಜೋಡಿಸುವುದರಲ್ಲೇ ಅರ್ಧ ಗುಟ್ಟಿದೆ, ಅದು ನನ್ನ ಬಳಿಯೇ ಇರಲಿ. ಒಂದು ಮಾತ್ರ ಹೇಳುತ್ತೇನೆ: ಒಬ್ಬರದೇ ದನಿಯನ್ನು ಎರಡು ವಾರಕ್ಕಿಂತ ಹೆಚ್ಚು ಬಳಸಬೇಡಿ. ಕಿವಿ ಆ ಮನುಷ್ಯನಿಗೆ ಒಗ್ಗಿಬಿಡುತ್ತದೆ, ಹೊಸಬರು ಬಾಯಿ ತೆರೆದ ಕೂಡಲೇ 'ಇಂಟೆನ್ಸಿವ್' ವಾಪಸ್ ಬರುತ್ತದೆ. ಕನಿಷ್ಠ ನಾಲ್ಕು ದನಿ ಇರಲಿ, ಅದರಲ್ಲಿ ಒಬ್ಬರಾದರೂ ಪದ ನುಂಗಿ ಮಾತಾಡುವವರಾಗಿರಲಿ.