ಹೂ ಬಿಟ್ಟು ಬುಡ ನೋಡಲು ಶುರು ಮಾಡಿದ ಮೇಲೆ

ಮನೆ ಮುಂದೆ ಏನು ಗಿಡ ಹಾಕೋಣ ಅಂತ ನೋಡಿಕೊಂಡು ಬರಲು ಲಾಲ್‌ಬಾಗ್‌ಗೆ ಹೋಗುವವರಿಗೆ ನಾನು ಮೊದಲು ಹೇಳುವುದು, ಫಲಪುಷ್ಪ ಪ್ರದರ್ಶನದ ಹೊತ್ತಿನಲ್ಲಿ ಹೋಗಬೇಡಿ ಅಂತ. ಜನವರಿ 26, ಆಗಸ್ಟ್ 15ರ ಆಸುಪಾಸಿನಲ್ಲಿ ಗಾಜಿನ ಮನೆ ತುಂಬ ಹೂವೇ ಹೂವು. ಕಣ್ಣಿಗೆ ಹಬ್ಬ, ಇಲ್ಲ ಅನ್ನಲ್ಲ. ಆದರೆ ಅವೆಲ್ಲ ಬಹುಪಾಲು ಕುಂಡದಲ್ಲಿ ಬೆಳೆಸಿ, ಅರಳುವ ಸಮಯ ನೋಡಿಕೊಂಡು ತಂದು ಜೋಡಿಸಿದ ಗಿಡಗಳು. ಮೇ ತಿಂಗಳಲ್ಲಿ ಅವುಗಳ ಗತಿ ಏನು ಅಂತ ಅಲ್ಲಿ ಗೊತ್ತಾಗಲ್ಲ. ನನಗೆ ಬೇಕಿದ್ದದ್ದೇ ಅದು.

ನಮ್ಮದು ಚಿಕ್ಕಬಳ್ಳಾಪುರದಲ್ಲಿ 30-40ರ ಸೈಟು. ಮನೆ ಕಟ್ಟಿ ಉಳಿದಿರುವುದು ಮುಂದೆ ಒಂದು ಉದ್ದನೆಯ ಪಟ್ಟಿ, ಉತ್ತರಕ್ಕೆ ಕಾಂಪೌಂಡಿಗೂ ಗೋಡೆಗೂ ನಡುವೆ ಒಂದು ಸಂದಿ, ಮೆಟ್ಟಿಲ ಕೆಳಗೊಂದಿಷ್ಟು ನೆಲ. ಕೆಮ್ಮಣ್ಣು. ನೀರು ಬೋರ್‌ದು, ಬಕೆಟ್ಟಿನಲ್ಲಿ ನಿಲ್ಲಿಸಿದರೆ ಅಂಚಿಗೆಲ್ಲ ಬಿಳಿ ಕಟ್ಟುತ್ತದೆ. ಇಷ್ಟು ಜಾಗಕ್ಕೆ ಲಾಲ್‌ಬಾಗಿನ 240 ಎಕರೆಯಿಂದ ಏನು ತರುವುದು ಅಂತ ನಮ್ಮ ಮನೆಯವರು ನಗುತ್ತಾರೆ. ತರುವುದು ಬೇಕಾದಷ್ಟಿದೆ.

ನಾನು ಹೋಗುವುದು ಏಪ್ರಿಲ್‌ನಲ್ಲಿ, ವಾರದ ನಡುವೆ. ಬೆಳಗಿನ ಬಸ್ಸು ಹಿಡಿದು ಮೆಜೆಸ್ಟಿಕ್, ಅಲ್ಲಿಂದ ಹಸಿರು ಮಾರ್ಗದ ಮೆಟ್ರೋದಲ್ಲಿ ಲಾಲ್‌ಬಾಗ್ ಸ್ಟೇಷನ್. ಇಳಿದರೆ ಪಶ್ಚಿಮದ ಗೇಟು ಪಕ್ಕದಲ್ಲೇ. ಒಳಗೆ ಹೋದ ಮೇಲೆ ನನ್ನ ಕಣ್ಣು ಮೇಲಕ್ಕೆ ಹೋಗಲ್ಲ, ನೆಲ ನೋಡುತ್ತೇನೆ. ದೊಡ್ಡ ಮರದ ಬುಡದಲ್ಲಿ ಏನು ಬದುಕಿದೆ? ಗೋಡೆಯ ಯಾವ ಮಗ್ಗುಲಿಗೆ ಏನು ನೆಟ್ಟಿದ್ದಾರೆ? ಕಲ್ಲಿನ ಬದಿ ಬಿಸಿಗೆ ಯಾವುದು ಬಾಡಿಲ್ಲ? ಮೊಬೈಲಿನಲ್ಲಿ ಒಂದೊಂದು ಗಿಡಕ್ಕೆ ಎರಡು ಫೋಟೋ. ಒಂದು ಗಿಡದ್ದು, ಇನ್ನೊಂದು ಅದರ ಬುಡದ್ದು. ಬುಡದ ಫೋಟೋದಲ್ಲಿ ಮಣ್ಣು ಒದ್ದೆಯೋ ಒಣಗಿದೆಯೋ, ತರಗೆಲೆ ಮುಚ್ಚಿದೆಯೋ ಇಲ್ಲವೋ, ನೆರಳು ಎಲ್ಲಿಗೆ ಬಿದ್ದಿದೆ, ಎಲ್ಲ ಸಿಗುತ್ತದೆ. ದಿಕ್ಕು ತಿಳಿಯಲು ಮೊಬೈಲಿನ ದಿಕ್ಸೂಚಿ ಸಾಕು.

ಒಂದು ಕ್ರೋಟನ್ ಸಾಲಿನ ಮುಂದೆ ತುಂಬ ಹೊತ್ತು ನಿಂತಿದ್ದೆ. ಸಾಲಿನ ಒಂದು ತುದಿಯಲ್ಲಿ ಎಲೆ ಕೆಂಪು, ಹಳದಿ, ನರಗಳೆಲ್ಲ ಕಿತ್ತಳೆ. ಇನ್ನೊಂದು ತುದಿಯಲ್ಲಿ ಸಪ್ಪೆ ಹಸಿರು, ಎಲ್ಲೋ ಒಂದೆರಡು ಹಳದಿ ಚುಕ್ಕಿ. ನೀರು ಬಿಡುತ್ತಿದ್ದ ಮಾಲಿಯನ್ನು ಕೇಳಿದೆ.

“ಇದು ಬೇರೆ ಜಾತಿನಾ ಅಣ್ಣ?”

“ಒಂದೇ ಗಿಡದ ಕಡ್ಡಿ ಅಮ್ಮ. ಆ ಕಡೆ ಬಿಸಿಲು ಬೀಳ್ತದೆ, ಈ ಕಡೆ ಮರ ಅಡ್ಡ. ಬಿಸಿಲಿಲ್ದೆ ಬಣ್ಣ ಎಲ್ಲಿಂದ ಬರ್ಬೇಕು?”

ಮೆಟ್ಟಿಲ ಕೆಳಗೆ ಕ್ರೋಟನ್ ಇಡುವ ಯೋಚನೆ ಅಲ್ಲೇ ಕೈಬಿಟ್ಟೆ. ಆ ಜಾಗಕ್ಕೆ ಜರಿಗಿಡ ಮತ್ತು ಅಗ್ಲೋನೆಮಾ ಬಂದವು. ಅಂದಹಾಗೆ, ಮಾಲಿಗಳ ಹತ್ತಿರ ಮಾತಾಡಬೇಕಾದರೆ ಬೆಳಿಗ್ಗೆ ಹೋಗಬೇಕು. ಮಧ್ಯಾಹ್ನ ಅವರಿಗೂ ಸಾಕಾಗಿರುತ್ತದೆ. ಇನ್ನೊಂದು, ಕಡ್ಡಿ ಮುರಿದುಕೊಂಡು ಬರುವ ಚಾಳಿ ಬೇಡ. ಹೆಸರು ಕೇಳಿಕೊಂಡು ಬಂದರೆ ನರ್ಸರಿಯಲ್ಲಿ ಸಿಕ್ಕೇ ಸಿಗುತ್ತದೆ.

ಏಪ್ರಿಲ್ ಯಾಕೆ ಅಂದರೆ ಬಿಸಿಲಿನ ದಿಕ್ಕಿಗೂ ಅದು ಮುಖ್ಯ. ಉತ್ತರದ ಸಂದಿ ಯಾವಾಗಲೂ ತಂಪು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ನಮ್ಮೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ನಡುಹಗಲ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲುತ್ತಾನೆ. ಆಗಸ್ಟ್ ನಡುವಿನವರೆಗೂ ಅಲ್ಲೇ. ಡಿಸೆಂಬರಿನಲ್ಲಿ ಬಿಸಿಲೇ ಕಾಣದ ಸಂದಿಗೆ ಮೇ ತಿಂಗಳಲ್ಲಿ ನೆತ್ತಿ ಬಿಸಿಲು ಹೊಡೆಯುತ್ತದೆ. ಬರೀ ನೆರಳಿನ ಗಿಡ ಅಲ್ಲಿ ಸುಟ್ಟುಹೋಗುತ್ತದೆ, ಬರೀ ಬಿಸಿಲಿನ ಗಿಡ ಚಳಿಗಾಲದಲ್ಲಿ ಸೊರಗುತ್ತದೆ. ಲಾಲ್‌ಬಾಗ್ ಕಟ್ಟಡಗಳ ಉತ್ತರ ಮಗ್ಗುಲಲ್ಲಿ ಬೇಸಿಗೆಯಲ್ಲೂ ಚೆನ್ನಾಗಿರುವುದನ್ನೇ ಹುಡುಕಿದೆ. ನಂದಿಬಟ್ಟಲು ಹಾಕಿದೆ. ಎರಡೂ ಕಾಲಕ್ಕೆ ಜಗ್ಗಲಿಲ್ಲ. ದೇವರಿಗೆ ಹೂವೂ ಆಯಿತು.

ನಂದಿಬೆಟ್ಟ ನಮಗೆ ಕೂಗಳತೆಯಲ್ಲಿದೆ. ಅಲ್ಲಿಗೂ ಹೋಗುತ್ತೇನೆ, ಆದರೆ ಗಿಡದ ಪಟ್ಟಿ ಮಾಡಿಕೊಂಡು ಬರಲ್ಲ. ಬೆಟ್ಟದ ತುದಿ 1,478 ಮೀಟರ್, ನಮ್ಮ ಊರು ಸುಮಾರು 900. ಮೂರು ನಾಲ್ಕು ಡಿಗ್ರಿ ತಂಪು ಜಾಸ್ತಿ, ಮೇಲಿಂದ ಮಂಜು. ಮರಗಳ ಮೈಮೇಲೆ ಪಾಚಿ, ಜರಿಗಿಡ ತಾವಾಗಿಯೇ ಹತ್ತಿರುತ್ತವೆ. ಕೆಳಗೆ ಬಂದು ಆ ಪಾಚಿಯನ್ನು ಬೋರ್ ನೀರಲ್ಲಿ ಸಾಕುತ್ತೇನೆ ಅಂದರೆ ಆಗುವ ಮಾತಲ್ಲ. ಬೆಟ್ಟದಿಂದ ನಾನು ಕಲಿತದ್ದು ಜೋಡಣೆ ಮಾತ್ರ. ಮೇಲೆ ಮರ, ನಡುವೆ ಪೊದೆ, ಕೆಳಗೆ ನೆಲ ಮುಚ್ಚುವ ಗಿಡ. ಬರಿ ಮಣ್ಣು ಕಾಣುವುದೇ ಕಡಿಮೆ. ನಮ್ಮ ಮುಂದಿನ ಪಟ್ಟಿಯಲ್ಲೂ ದಾಸವಾಳದ ಬುಡಕ್ಕೆ ಗಿಡ ಹಬ್ಬಿಸಿ, ಮಿಕ್ಕಲ್ಲಿ ತರಗೆಲೆ ಹಾಸಿದ ಮೇಲೆ ನೀರು ಬಿಡುವುದು ಅರ್ಧಕ್ಕೆ ಇಳಿಯಿತು.

ನೀರಿನ ವಿಷಯ ಪ್ರದರ್ಶನದಲ್ಲಿ ಯಾರೂ ಹೇಳಲ್ಲ. ಇಕ್ಸೋರ ನೋಡಲು ಎಷ್ಟು ಚೆಂದ! ಕರಾವಳಿಯ ಹುಳಿ ಮಣ್ಣಿನಲ್ಲಿ ಬೇಲಿ ಬದಿಗೇ ಬೆಳೆಯುವ ಗಿಡ ಅದು. ನಮ್ಮ ಕಡೆಯ ಗಡಸು ನೀರು ಬಿದ್ದು ಬಿದ್ದು ಎಳೆ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ದಕ್ಕದ ಲಕ್ಷಣ ಅದು. ಮಳೆ ನೀರು ಹಿಡಿದಿಟ್ಟ ಡ್ರಮ್ಮು ಇದ್ದರೆ ಇಕ್ಸೋರ ಸಾಕಿ, ಇಲ್ಲದಿದ್ದರೆ ಕಾಗದದ ಹೂ ಹಾಕಿ. ಅದಕ್ಕೆ ನೀರು ಕಡಿಮೆ ಮಾಡಿದಷ್ಟೂ ಬಣ್ಣ ಜಾಸ್ತಿ. ಪಶ್ಚಿಮದ ಬಿಸಿಲಿಗೆ ಕಾದ ಕಾಂಪೌಂಡ್ ಮೇಲೆ ಅದನ್ನೇ ಹಬ್ಬಿಸಿದ್ದೇನೆ.

ಇನ್ನೊಂದು ಪಾಠ ತೋಟದಿಂದ ಬಂದದ್ದಲ್ಲ, ಹೊಲದಿಂದ. ನಮ್ಮ ಸುತ್ತಮುತ್ತ ಸೇವಂತಿಗೆ ಹೊಲಗಳಲ್ಲಿ ರಾತ್ರಿ ಬಲ್ಬು ಉರಿಯುವುದನ್ನು ನೀವು ನೋಡಿರಬಹುದು. ರಾತ್ರಿ ಉದ್ದವಾದರೆ ತಾನೇ ಸೇವಂತಿಗೆ ಮೊಗ್ಗು ಕಟ್ಟುವುದು. ಬೆಳಕು ಬಿಟ್ಟು ಮೊಗ್ಗನ್ನು ತಡಮಾಡಿ, ಹಬ್ಬದ ಮಾರುಕಟ್ಟೆಗೆ ಹೂ ಬರುವ ಹಾಗೆ ಮಾಡುತ್ತಾರೆ. ಅಂದ ಮೇಲೆ ಮನೆ ಮುಂದಿನ ಬೀದಿದೀಪ? ನಾನು ಸೇವಂತಿಗೆ ಕುಂಡಗಳನ್ನು ರಾತ್ರಿ ಕತ್ತಲಿರುವ ಹಿತ್ತಲ ಕಡೆ ಇಟ್ಟೆ.

ಬೆಂಗಳೂರಿನಲ್ಲಿ ಒಂದಲ್ಲ ಒಂದು ಮರ ಹೂಬಿಟ್ಟಿರುವ ಹಾಗೆ ಸಾಲುಮರಗಳನ್ನು ಯೋಜಿಸಿದವರು ಕ್ರುಂಬಿಗಲ್. ಜರ್ಮನಿಯವರು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು ಲಾಲ್‌ಬಾಗ್ ನೋಡಿಕೊಂಡವರು. ಲಾಲ್‌ಬಾಗ್ ಪಕ್ಕದ ರಸ್ತೆಗೆ ಅವರದೇ ಹೆಸರಿದೆ. ಅದೇ ಲೆಕ್ಕವನ್ನು ನಾನು ಕ್ಯಾಲೆಂಡರಿನ ಮೇಲೆ ಹಬ್ಬಗಳ ಹೆಸರಲ್ಲಿ ಬರೆದುಕೊಂಡೆ. ಸಂಕ್ರಾಂತಿವರೆಗೂ ಸೇವಂತಿಗೆ, ಶಿವರಾತ್ರಿಯಿಂದ ಕಾಗದದ ಹೂ, ಯುಗಾದಿ ಕಳೆದರೆ ಮಲ್ಲಿಗೆ. ಮೊದಲ ಮಳೆಗೆ ಮಳೆ ಲಿಲ್ಲಿ, ಗೌರಿ ಹಬ್ಬಕ್ಕೆ ಕರ್ಣಕುಂಡಲ, ನವರಾತ್ರಿಗೆ ಚೆಂಡು ಹೂ, ಪಾರಿಜಾತ.

ನೋಡುವುದು ಬೇಸಿಗೆಯಲ್ಲಿ ಆದರೂ ಗಿಡ ತರುವುದು ಮುಂಗಾರು ಹಿಡಿದ ಮೇಲೆ. ನರ್ಸರಿಯಲ್ಲಿ ಹೂ ಬಿಟ್ಟು ನಿಂತ ದೊಡ್ಡ ಗಿಡ ಬಿಟ್ಟು, ಕವರಿನಲ್ಲಿರುವ ಗಟ್ಟಿ ಸಣ್ಣ ಗಿಡ ಆರಿಸುತ್ತೇನೆ. ಕವರಿನ ತಳದಿಂದ ಬೇರು ಹೊರಬಂದು ಸುತ್ತಿಕೊಂಡಿದ್ದರೆ ಮುಟ್ಟಲ್ಲ. ಸಂಪಿನ ಪಕ್ಕದ ಮೂಲೆ ಇನ್ನೂ ಖಾಲಿ ಇದೆ. ಸುಮ್ನೆ ದೊಡ್ಡಪತ್ರೆ ಹಾಕು ಅನ್ನುತ್ತಾರೆ ನಮ್ಮ ಅತ್ತೆ. ಬಹುಶಃ ಅವರು ಹೇಳುವುದೇ ಸರಿ, ಆದರೂ ಏಪ್ರಿಲ್‌ವರೆಗೆ ಕಾಯೋಣ ಅಂದಿದ್ದೇನೆ.