ಹಳೇ ಕಾರಿನ ವೈಪರ್ ನಿಂತರೆ ಅರ್ಥ್ ನೋಡೋದು ಮರೆಯಬೇಡಿ

ವೈಪರ್ ಓಡದಿದ್ದರೆ ಸುಮ್ನೆ ಹೊಸ ಮೋಟಾರ್ ತರಬೇಡಿ. ಮೊದಲು ಫ್ಯೂಸ್ ತೆಗೆದು ನೋಡಿ. ಅದು ಚೆನ್ನಾಗಿದ್ದರೂ ತುದಿಗಳನ್ನೂ ಹಿಡಿಯುವ ಕ್ಲಿಪ್ಪನ್ನೂ ಉಜ್ಜಿ, ಕಿಲುಬು ತೆಗೆದು ಹಾಕಿ.

ಆಮೇಲೆ ಮಲ್ಟಿಮೀಟರ್. ಸ್ವಿಚ್ ಆನ್ ಮಾಡಿ, ಕನೆಕ್ಟರ್ ಕಳಚದೆ ಮೋಟಾರಿಗೆ ಬರುವ ವೋಲ್ಟೇಜ್ ಅಳೆಯಿರಿ. ಗಾಜು ಒದ್ದೆಯಾಗಿರಲಿ. 12 ವೋಲ್ಟಿನ ಕಾರಿನಲ್ಲಿ ಅದು ತೀರಾ ಕಡಿಮೆ ಬಂದರೆ ಸ್ವಿಚ್ ಅಥವಾ ತಂತಿಯ ತೊಂದರೆ.

ನನ್ನ ಅನುಮಾನ ಮಾತ್ರ ಯಾವಾಗಲೂ ಅರ್ಥ್ ಮೇಲೆ, ಅಂದರೆ ಕಾರಿನ ಲೋಹದ ಮೈ ಮೂಲಕ ಬ್ಯಾಟರಿಗೆ ಸೇರುವ ಸಂಪರ್ಕದ ಮೇಲೆ. ಎಷ್ಟೋ ಕಾರುಗಳಲ್ಲಿ ಮೋಟಾರ್ ರಬ್ಬರ್ ಬುಷ್ ಮೇಲೆ ಕೂತಿರುತ್ತೆ, ಕಾರಿನ ಬಾಡಿ ಜೊತೆ ಅರ್ಥ್ ಸಿಗೋದು ಸ್ಕ್ರೂ ಹಾಕಿದ ಒಂದು ಸಣ್ಣ ತಂತಿಯಿಂದ ಅಷ್ಟೇ. ಹೊಸದಾಗಿ ಪೇಂಟ್ ಮಾಡಿಸಿದ್ದರೆ ಆ ಸ್ಕ್ರೂ ಕೆಳಗೂ ಪೇಂಟ್ ಕೂತಿರುತ್ತೆ, ಅಲ್ವಾ? ವೈಪರ್ ಆನ್ ಇರುವಾಗ ಮೋಟಾರಿನ ಮೈಗೂ ಬ್ಯಾಟರಿಯ ಅರ್ಥ್ ತುದಿಗೂ ಮೀಟರ್ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಆ ಸ್ಕ್ರೂ ಬಿಚ್ಚಿ, ಅಲ್ಲಿ ಲೋಹ ಹೊಳೆಯುವವರೆಗೆ ಕೆರೆದು ಮತ್ತೆ ಬಿಗಿಯಿರಿ. ಕೆಲವು ಹಳೇ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ತುದಿಯೇ ಅರ್ಥ್, ಅದನ್ನು ಮೊದಲೇ ಖಚಿತ ಮಾಡಿಕೊಳ್ಳಿ.

ಕರೆಂಟ್, ಅರ್ಥ್ ಎರಡೂ ಸರಿಯಿದ್ದರೆ ಲಿಂಕೇಜ್ (ಮೋಟಾರಿನಿಂದ ವೈಪರಿಗೆ ಹೋಗುವ ಸರಳುಗಳು) ಬಿಚ್ಚಿ ಮೋಟಾರ್ ಒಂದನ್ನೇ ಓಡಿಸಿ. ಆಗ ಸಲೀಸಾಗಿ ತಿರುಗಿದರೆ ಲಿಂಕೇಜ್ ಬಿಗಿದಿದೆ, ಗ್ರೀಸ್ ಹಾಕಿ. ತಿರುಗದಿದ್ದರೆ ಮೋಟಾರಿನ ಒಳಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ನೋಡಿ. ಆಫ್ ಮಾಡಿದಾಗ ಬ್ಲೇಡ್ ಗಾಜಿನ ನಡುವೆಯೇ ನಿಂತರೆ, ಅದನ್ನು ಕೊನೆಯ ಜಾಗಕ್ಕೆ ತಂದು ನಿಲ್ಲಿಸುವ ಪಾರ್ಕ್ ಸ್ವಿಚ್ಚಿನ ಕಾಂಟ್ಯಾಕ್ಟ್ ಒರೆಸಿ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಹೆಚ್ಚು ಆಂಪಿಯರಿನದನ್ನು ಹಾಕಲೇಬೇಡಿ, ತಂತಿ ಸುಟ್ಟುಹೋಗುತ್ತೆ.