ಭೂವಿಜ್ಞಾನ ಪರೀಕ್ಷೆಗೆ ಮುನ್ನ: ಅದಲುಬದಲಾಗುವ ಸಂಗತಿಗಳನ್ನು ಬಿಡಿಸಿಕೊಳ್ಳುವುದು ಹೇಗೆ

ಪ್ರಾಕೃತಿಕ ಭೂಗೋಳದ ಉತ್ತರಪತ್ರಿಕೆಯಲ್ಲಿ ಅಂಕ ಹೆಚ್ಚಾಗಿ ಸೋರಿಹೋಗುವುದು ಗೊತ್ತಿರುವ ಎರಡು ಸಂಗತಿಗಳು ಅದಲುಬದಲಾದಾಗ. ಶಿಥಿಲೀಕರಣ ಬರೆಯಬೇಕಾದಲ್ಲಿ ಸವೆತ, ಪ್ರಮಾಣ ಕೇಳಿದರೆ ತೀವ್ರತೆ, ಕೂಡಿಸಬೇಕಾದಲ್ಲಿ ಕಳೆಯುವುದು. ಇಂಥ ಜೋಡಿಗಳನ್ನು ಎಷ್ಟು ಉರು ಹೊಡೆದರೂ ಪರೀಕ್ಷಾ ಕೊಠಡಿಯಲ್ಲಿ ಮತ್ತೆ ಕಲಸಿಹೋಗುತ್ತವೆ. ಪ್ರತಿಯೊಂದರ ಹಿಂದಿನ ಕಾರಣ ತಿಳಿದಿದ್ದರೆ ಕಲಸುವುದಿಲ್ಲ. ಹೈಸ್ಕೂಲಿನವರಿಗೂ ಪ್ರಥಮ ಪಿಯುಸಿಯವರಿಗೂ ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೂ ಇದು ಒಂದೇ.

ಮರುಓದು ಶುರು ಮಾಡುವಾಗ ಪುಸ್ತಕ ತೆರೆಯಬೇಡಿ. ಒಂದು ಖಾಲಿ ಹಾಳೆ ತೆಗೆದುಕೊಂಡು, ಒಂದು ಅಧ್ಯಾಯದ ಬಗ್ಗೆ ನೆನಪಿರುವುದನ್ನೆಲ್ಲ ಹದಿನೈದು ನಿಮಿಷ ಬರೆಯಿರಿ, ಚಿತ್ರಗಳನ್ನೂ ಸೇರಿಸಿ. ಆಮೇಲೆ ಪುಸ್ತಕ ತೆರೆದು ತಪ್ಪಿದ್ದನ್ನೂ ಬಿಟ್ಟದ್ದನ್ನೂ ಕೆಂಪು ಶಾಯಿಯಲ್ಲಿ ತುಂಬಿಸಿ. ಮರುದಿನ ಓದಬೇಕಾದದ್ದು ಆ ಕೆಂಪು ಭಾಗ ಮಾತ್ರ. ಇಡೀ ಅಧ್ಯಾಯವನ್ನು ಮತ್ತೆ ಮತ್ತೆ ಓದಿದರೆ ಎಲ್ಲವೂ ಪರಿಚಿತವಾಗಿ ಕಾಣುತ್ತದೆ, ಆದರೆ ಪುಸ್ತಕ ಮುಚ್ಚಿದಾಗ ಬರೆಯಲು ಬರುವುದಿಲ್ಲ.

ಋತು ಮತ್ತು ಕಾಲದ ಲೆಕ್ಕ

ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ 3ರ ಸುಮಾರಿಗೆ, ಆಗಿನ ದೂರ 14.7 ಕೋಟಿ ಕಿ.ಮೀ. ಅತಿ ದೂರ ಹೋಗುವುದು ಜುಲೈ 4ರ ಸುಮಾರಿಗೆ, 15.2 ಕೋಟಿ ಕಿ.ಮೀ. ನಮ್ಮ ಚಳಿಗಾಲ ಬರುವುದು ಸೂರ್ಯ ಹತ್ತಿರವಿರುವಾಗಲೇ. ಹಾಗಾಗಿ ಬೇಸಿಗೆಗೆ ಕಾರಣ ಸೂರ್ಯನ ಸಾಮೀಪ್ಯ ಎಂದು ಬರೆದರೆ ಉತ್ತರ ಪೂರ್ತಿ ತಪ್ಪು. ಋತುಗಳಾಗುವುದು ಭೂಮಿಯ ಅಕ್ಷ 23½° ವಾಲಿರುವುದರಿಂದ ಮತ್ತು ಆ ವಾಲಿಕೆಯನ್ನು ಬದಲಿಸದೆಯೇ ಭೂಮಿ ಸೂರ್ಯನನ್ನು ಸುತ್ತುವುದರಿಂದ. ಇಲ್ಲೊಂದು ಬಲೆ ಇದೆ: 23½° ಎನ್ನುವುದು ಕಕ್ಷಾತಲಕ್ಕೆ ಎಳೆದ ಲಂಬದಿಂದ ಅಳೆದ ಕೋನ. ಕಕ್ಷಾತಲದಿಂದಲೇ ಅಳೆದರೆ 66½°. ಪ್ರಶ್ನೆ ಯಾವುದನ್ನು ಕೇಳಿದೆ ಎಂದು ನೋಡಿ ಉತ್ತರಿಸಿ.

ಇದನ್ನು ನಿಜವಾಗಿ ಅರ್ಥ ಮಾಡಿಕೊಂಡಿದ್ದೀರಾ ಎಂದು ತಿಳಿಯಲು ಒಂದು ಲೆಕ್ಕ ಮಾಡಿ. ಮಧ್ಯಾಹ್ನ ಸೂರ್ಯ ಎಷ್ಟು ಎತ್ತರದಲ್ಲಿರುತ್ತಾನೆಂದು ತಿಳಿಯಲು, ನಿಮ್ಮ ಊರಿನ ಅಕ್ಷಾಂಶಕ್ಕೂ ಆ ದಿನ ಸೂರ್ಯ ನೆತ್ತಿಯ ಮೇಲಿರುವ ಅಕ್ಷಾಂಶಕ್ಕೂ ಇರುವ ಅಂತರವನ್ನು 90ರಿಂದ ಕಳೆಯಬೇಕು. ಬೆಂಗಳೂರು ಸುಮಾರು 13° ಉತ್ತರದಲ್ಲಿದೆ. ಡಿಸೆಂಬರ್ 22ರಂದು ಸೂರ್ಯ 23½° ದಕ್ಷಿಣದಲ್ಲಿರುವುದರಿಂದ ಅಂತರ 36½°, ಎತ್ತರ 53½°. ಜೂನ್ 21ರಂದು ಅಂತರ 10½°, ಎತ್ತರ 79½°. ಅಂದು ನಡುಹಗಲಿನ ಸೂರ್ಯ ಬೆಂಗಳೂರಿನವರಿಗೆ ಉತ್ತರದ ಕಡೆ ಕಾಣುತ್ತಾನೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಅಂತರ ಸೊನ್ನೆಯಾಗಿ, ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಬುಡದಲ್ಲೇ ಅಡಗುತ್ತದೆ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಿಗೆ ಮಾತ್ರ ವರ್ಷಕ್ಕೆ ಎರಡು ಬಾರಿ ಇದು ಸಾಧ್ಯ ಎಂಬ ಒಂದು ಅಂಕದ ಉತ್ತರವೂ ಇದರಲ್ಲೇ ಸಿಗುತ್ತದೆ.

ರೇಖಾಂಶದ ಲೆಕ್ಕ ಇನ್ನೂ ಸುಲಭ. 360° ಸುತ್ತಲು 24 ಗಂಟೆ, ಹಾಗಾಗಿ 15°ಗೆ ಒಂದು ಗಂಟೆ, 1°ಗೆ 4 ನಿಮಿಷ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ಪೂರ್ವದವರು ಸೂರ್ಯನನ್ನು ಮೊದಲು ಕಾಣುತ್ತಾರೆ. ಆದ್ದರಿಂದ ಪೂರ್ವಕ್ಕೆ ಹೋದರೆ ಕೂಡಿಸಿ, ಪಶ್ಚಿಮಕ್ಕೆ ಹೋದರೆ ಕಳೆಯಿರಿ. ಗ್ರೀನಿಚ್‌ನಲ್ಲಿ ಬೆಳಿಗ್ಗೆ 10 ಆಗಿದ್ದರೆ 75° ಪೂರ್ವದಲ್ಲಿ 75 × 4 = 300 ನಿಮಿಷ ಮುಂದೆ, ಮಧ್ಯಾಹ್ನ 3 ಗಂಟೆ. ಅದೇ ಹೊತ್ತಿಗೆ 74° ಪಶ್ಚಿಮದಲ್ಲಿ 296 ನಿಮಿಷ ಹಿಂದೆ, ಅಂದರೆ ಬೆಳಗಿನ 5 ಗಂಟೆ 4 ನಿಮಿಷ. ಭಾರತದ ಆದರ್ಶ ಕಾಲ 82½° ಪೂರ್ವ ರೇಖಾಂಶದ್ದು; 82½ × 4 = 330 ನಿಮಿಷ, ಅದೇ ಐದೂವರೆ ಗಂಟೆ. 82°30′ ಎಂದಿರುವುದನ್ನು 82.30 ಎಂದು ಗುಣಿಸಿ ಉತ್ತರ ಕೆಡಿಸಿಕೊಳ್ಳುವವರು ಬಹಳ. 30 ಮಿನಿಟು ಎಂದರೆ ಅರ್ಧ ಡಿಗ್ರಿ, ಆದ್ದರಿಂದ 82.5.

ಅಂತರರಾಷ್ಟ್ರೀಯ ದಿನರೇಖೆಯನ್ನು ಊರಿನ ಹೆಸರಿನೊಂದಿಗೆ ನೆನಪಿಡಿ. ಹವಾಯಿಯಿಂದ ಜಪಾನಿಗೆ, ಅಂದರೆ ಪಶ್ಚಿಮಾಭಿಮುಖವಾಗಿ ದಾಟಿದರೆ ಸೋಮವಾರ ಮಂಗಳವಾರವಾಗುತ್ತದೆ. ತಿರುಗಿ ಬಂದರೆ ಮಂಗಳವಾರ ಮತ್ತೆ ಸೋಮವಾರ.

ಭೂಮಿಯ ಒಳಭಾಗ: ಅಳತೆಯಿಟ್ಟು ಬರೆಯಿರಿ

ಈ ಚಿತ್ರವನ್ನು ಬಹುತೇಕರು ಮೂರು ವೃತ್ತ ಎಳೆದು ಮುಗಿಸುತ್ತಾರೆ. 1 ಸೆಂ.ಮೀ.ಗೆ 1000 ಕಿ.ಮೀ. ಎಂದು ಅಳತೆ ಇಟ್ಟುಕೊಂಡು ಕೈವಾರದಲ್ಲಿ ಬರೆದರೆ ಸಂಖ್ಯೆಗಳೂ ತಲೆಯಲ್ಲಿ ಕೂರುತ್ತವೆ. ಹೊರವೃತ್ತದ ತ್ರಿಜ್ಯ 6.4 ಸೆಂ.ಮೀ., ಏಕೆಂದರೆ ಭೂಮಿಯ ಸರಾಸರಿ ತ್ರಿಜ್ಯ 6371 ಕಿ.ಮೀ. ಭೂಕವಚದ ಕೆಳಗಿನ ಪದರವಾದ ಮ್ಯಾಂಟಲ್ 2900 ಕಿ.ಮೀ. ಆಳದವರೆಗೆ ಹೋಗುತ್ತದೆ, ಹಾಗಾಗಿ ಕೇಂದ್ರಗೋಳಕ್ಕೆ 3.5 ಸೆಂ.ಮೀ. ತ್ರಿಜ್ಯ. ಒಳ ಕೇಂದ್ರಗೋಳ ಶುರುವಾಗುವುದು ಸುಮಾರು 5150 ಕಿ.ಮೀ. ಆಳದಲ್ಲಿ, ಅದಕ್ಕೆ 1.2 ಸೆಂ.ಮೀ. ಭೂಕವಚ ಖಂಡಗಳ ಕೆಳಗೆ ಸರಾಸರಿ 30ರಿಂದ 40 ಕಿ.ಮೀ. ಮಾತ್ರ, ಈ ಅಳತೆಯಲ್ಲಿ ಅದು ಪೆನ್ಸಿಲ್ ಗೆರೆಯಷ್ಟೇ ದಪ್ಪ. ಸಾಗರದ ಕೆಳಗೆ 5ರಿಂದ 10 ಕಿ.ಮೀ., ಹಿಮಾಲಯದಂಥ ಪರ್ವತಗಳ ಕೆಳಗೆ ಸುಮಾರು 70 ಕಿ.ಮೀ. ಪರ್ವತ ಎತ್ತರವಿದ್ದಲ್ಲಿ ಕವಚ ಕೆಳಕ್ಕೂ ಬೇರು ಬಿಟ್ಟಿರುತ್ತದೆ.

ಭೂಕವಚ ಮತ್ತು ಮ್ಯಾಂಟಲ್ ನಡುವಿನ ಎಲ್ಲೆ ಮೊಹೊ, ಮ್ಯಾಂಟಲ್ ಮತ್ತು ಕೇಂದ್ರಗೋಳದ ನಡುವಿನದು ಗುಟೆನ್‌ಬರ್ಗ್. ಮೊಹೊ ಎಲ್ಲೆಯನ್ನು ಮೊಹೊರೊವಿಚಿಚ್ 1909ರಲ್ಲಿ ಗುರುತಿಸಿದರು. ಒಳ ಕೇಂದ್ರಗೋಳದ ಇರುವಿಕೆಯನ್ನು 1936ರಲ್ಲಿ ತೋರಿಸಿಕೊಟ್ಟವರು ಡೆನ್ಮಾರ್ಕಿನ ಇಂಗೆ ಲೆಹ್ಮನ್.

ಹೆಚ್ಚು ಬಿಸಿಯಾದ ಒಳ ಕೇಂದ್ರಗೋಳ ಘನ, ಅದಕ್ಕಿಂತ ಕಡಿಮೆ ಬಿಸಿಯ ಹೊರ ಕೇಂದ್ರಗೋಳ ದ್ರವ. ತಿರುವುಮುರುವಾಗಿ ಬರೆಯುವುದು ಇಲ್ಲೇ. ಎರಡರಲ್ಲೂ ಮುಖ್ಯವಾಗಿ ಕಬ್ಬಿಣ, ಜೊತೆಗೆ ನಿಕ್ಕಲ್. ಆದರೆ ನಡುಮಧ್ಯದಲ್ಲಿ ಒತ್ತಡ ಎಷ್ಟಿದೆಯೆಂದರೆ ಆ ಉಷ್ಣಾಂಶದಲ್ಲೂ ಕಬ್ಬಿಣ ಕರಗಲಾರದು. ದ್ರವ ಕಬ್ಬಿಣ ಹರಿದಾಡುವುದರಿಂದಲೇ ಭೂಮಿಗೆ ಕಾಂತಕ್ಷೇತ್ರವಿದೆ. ಈ ಒಂದು ವಾಕ್ಯ ಸೇರಿಸಿದರೆ ಉತ್ತರಕ್ಕೆ ತೂಕ ಬರುತ್ತದೆ.

ಭೂಕಂಪನ

ಹೊರ ಕೇಂದ್ರಗೋಳ ದ್ರವವೆಂದು ತಿಳಿದದ್ದೇ ಭೂಕಂಪನದ ಅಲೆಗಳಿಂದ. ಪ್ರಾಥಮಿಕ ಅಲೆಗಳು ಶಿಲೆಯನ್ನು ಒತ್ತಿ ಹಿಗ್ಗಿಸುತ್ತ ಸಾಗುತ್ತವೆ. ಘನ, ದ್ರವ, ಅನಿಲ ಮೂರರಲ್ಲೂ ಹೋಗಬಲ್ಲವು, ಮೊದಲು ತಲುಪುವುದೂ ಅವೇ. ದ್ವಿತೀಯಕ ಅಲೆಗಳು ಅಡ್ಡಡ್ಡಲಾಗಿ ಅಲುಗಿಸುತ್ತವೆ. ದ್ರವವನ್ನು ಪಕ್ಕಕ್ಕೆ ತಳ್ಳಿದರೆ ಅದು ತಿರುಗಿ ಸ್ವಸ್ಥಾನಕ್ಕೆ ಬರುವುದಿಲ್ಲವಾದ್ದರಿಂದ ಈ ಅಲೆಗಳು ದ್ರವದಲ್ಲಿ ಸಾಯುತ್ತವೆ. ಮೇಲ್ಮೈ ಅಲೆಗಳು ಕೊನೆಗೆ ಬರುತ್ತವೆ, ಕಟ್ಟಡ ಉರುಳಿಸುವುದರಲ್ಲಿ ಅವೇ ಮುಂದು. ಅಲೆಗಳು ನೇರವಾಗಿ ತಲುಪದ ಪಟ್ಟಿಯೇ ನೆರಳು ವಲಯ; ಅದರ ಕೋನಗಳು ಪುಸ್ತಕದಿಂದ ಪುಸ್ತಕಕ್ಕೆ ತುಸು ಬೇರೆ: ಕೆಲವು 105° ಮತ್ತು 145° ಎನ್ನುತ್ತವೆ, ಕೆಲವು 103° ಮತ್ತು 142°. ನಿಮಗೆ ನಿಗದಿಯಾದ ಪಠ್ಯದ ಸಂಖ್ಯೆಯನ್ನೇ ಬರೆಯಿರಿ, ಎರಡನ್ನೂ ಬೆರೆಸಬೇಡಿ.

ಸಮೀಪದ ಭೂಕಂಪನದ ದೂರವನ್ನು ಅಂದಾಜಿಸಲು, ಮೊದಲ ಎರಡು ಅಲೆಗಳು ಬಂದ ಹೊತ್ತಿನ ಅಂತರವನ್ನು ಸೆಕೆಂಡುಗಳಲ್ಲಿ ತೆಗೆದುಕೊಂಡು 8ರಿಂದ ಗುಣಿಸಿ. ಅಂತರ 40 ಸೆಕೆಂಡಾದರೆ ಸುಮಾರು 320 ಕಿ.ಮೀ. ಒಂದು ಕೇಂದ್ರದ ದಾಖಲೆಯಿಂದ ದೂರ ಸಿಗುತ್ತದೆ, ದಿಕ್ಕು ಸಿಗುವುದಿಲ್ಲ. ಅದಕ್ಕೇ ಮೂರು ಕೇಂದ್ರಗಳಿಂದ ವೃತ್ತ ಎಳೆದು ಅವು ಕೂಡುವ ಜಾಗ ಹುಡುಕುತ್ತಾರೆ. ಕಂಪನ ಹುಟ್ಟುವ ಆಳದ ಜಾಗ ನಾಭಿ, ಅದರ ನೇರ ಮೇಲೆ ನೆಲದ ಮೇಲಿರುವುದು ಮೇಲ್ಕೇಂದ್ರ.

ಪ್ರಮಾಣ ಎಂದರೆ ಬಿಡುಗಡೆಯಾದ ಶಕ್ತಿಯ ಅಳತೆ: ಒಂದು ಭೂಕಂಪನಕ್ಕೆ ಒಂದೇ ಸಂಖ್ಯೆ. ತೀವ್ರತೆ ಎಂದರೆ ಆಯಾ ಊರಿನಲ್ಲಿ ಆದ ಪರಿಣಾಮ. ಅದು ಊರಿನಿಂದ ಊರಿಗೆ ಬದಲಾಗುತ್ತದೆ, ಅದನ್ನು ಮೆರ್ಕ್ಯಾಲಿ ಮಾಪಕದಲ್ಲಿ I ರಿಂದ XII ರವರೆಗೆ ರೋಮನ್ ಅಂಕಿಗಳಲ್ಲಿ ಹೇಳುತ್ತಾರೆ. ರಿಕ್ಟರ್ ಮಾಪಕ 1935ರದು. ಅದರಲ್ಲಿ ಒಂದು ಅಂಕಿ ಏರಿದರೆ ಅಲೆಯ ಎತ್ತರ 10 ಪಟ್ಟು, ಶಕ್ತಿ ಸುಮಾರು 32 ಪಟ್ಟು. 5ಕ್ಕೂ 7ಕ್ಕೂ ಹೋಲಿಸಿದರೆ ಎತ್ತರ 100 ಪಟ್ಟು, ಶಕ್ತಿ ಸುಮಾರು 1000 ಪಟ್ಟು. ಈ ಮಾಪಕಕ್ಕೆ 10ರ ಮಿತಿಯಿದೆ ಎನ್ನುವುದು ತಪ್ಪು. ಮೇಲ್ಮಿತಿ ಎಂದು ನಿಗದಿಯಾಗಿಲ್ಲ. ಉಪಕರಣಗಳಲ್ಲಿ ದಾಖಲಾದ ಅತಿ ದೊಡ್ಡದು 1960ರ ಚಿಲಿ ಭೂಕಂಪನ, 9.5. ಉದಾಹರಣೆಗೆ ಹತ್ತಿರದ್ದು ಬೇಕಿದ್ದರೆ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯಲ್ಲಾದ 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪನ ಬರೆಯಿರಿ. ಗಟ್ಟಿ ಎಂದು ನಂಬಿದ್ದ ದಖನ್ನಿನ ನೆಲವೂ ನಡುಗಬಹುದೆಂದು ಅದು ತೋರಿಸಿತು.

ಶಿಲೆಗಳು: ನಮ್ಮ ಕಲ್ಲುಗಳಿಂದಲೇ ಉದಾಹರಣೆ

ಮೂರು ಬಗೆಯ ಶಿಲೆಗಳಿಗೂ ಉದಾಹರಣೆ ಕರ್ನಾಟಕದಲ್ಲೇ ಸಿಗುತ್ತವೆ, ಇವುಗಳನ್ನು ಬರೆದರೆ ಮರೆಯುವುದೂ ಇಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್ ಅಗ್ನಿಶಿಲೆ. ಶಿಲಾಪಾಕ ಆಳದಲ್ಲಿ ನಿಧಾನ ತಣಿದದ್ದರಿಂದ ಹರಳುಗಳು ಕಣ್ಣಿಗೆ ಕಾಣುವಷ್ಟು ದೊಡ್ಡವು. ಬೀದರ್, ವಿಜಯಪುರ ಭಾಗದ ಕಪ್ಪು ಬಸಾಲ್ಟ್ ಕೂಡ ಅಗ್ನಿಶಿಲೆಯೇ, ಆದರೆ ಲಾವಾ ನೆಲದ ಮೇಲೆ ಬೇಗ ತಣಿದದ್ದರಿಂದ ಹರಳು ಸಣ್ಣ. ಬಾದಾಮಿಯ ಗುಹೆಗಳನ್ನು ಕೊರೆದಿರುವ ಮರಳುಗಲ್ಲು, ಮನೆಗಳಿಗೆ ಹಾಸುವ ಶಹಾಬಾದ್ ಸುಣ್ಣಕಲ್ಲು ಕಣಶಿಲೆಗಳು. ಬೆಂಗಳೂರಿನ ಲಾಲ್‌ಬಾಗ್ ಬಂಡೆ ರೂಪಾಂತರ ಶಿಲೆಯಾದ ನೈಸ್. ವಯಸ್ಸು ಸುಮಾರು 300 ಕೋಟಿ ವರ್ಷ. ಅದನ್ನು ಗ್ರಾನೈಟ್ ಎಂದು ಬರೆಯಬೇಡಿ, ಹತ್ತಿರ ಹೋದರೆ ಕಪ್ಪು ಬಿಳಿ ಪಟ್ಟೆಗಳು ಎದ್ದು ಕಾಣುತ್ತವೆ.

ಕರಾವಳಿಯ ಮುರಕಲ್ಲು ಈ ಮೂರರಲ್ಲಿ ನೇರವಾಗಿ ಯಾವುದಕ್ಕೂ ಸೇರುವುದಿಲ್ಲ. ಬಿಸಿ ಮತ್ತು ಭಾರಿ ಮಳೆಗೆ ಶಿಲೆ ರಾಸಾಯನಿಕವಾಗಿ ಶಿಥಿಲಗೊಂಡು, ಕರಗುವುದೆಲ್ಲ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದದ್ದು ಅದು. ಶಿಥಿಲೀಕರಣಕ್ಕೂ ಸವೆತಕ್ಕೂ ಇರುವ ವ್ಯತ್ಯಾಸಕ್ಕೆ ಇದೇ ಒಳ್ಳೆಯ ಉದಾಹರಣೆ: ಶಿಲೆ ಇದ್ದಲ್ಲೇ ಒಡೆದರೆ, ಕೊಳೆತರೆ ಶಿಥಿಲೀಕರಣ, ನದಿ, ಗಾಳಿ, ಅಲೆ, ಹಿಮನದಿ ಅದನ್ನು ಹೊತ್ತೊಯ್ದರೆ ಸವೆತ.

ರೂಪಾಂತರದ ಜೋಡಿಗಳಲ್ಲಿ ನಾಲ್ಕು ಸಾಕು. ಸುಣ್ಣಕಲ್ಲು ಅಮೃತಶಿಲೆಯಾಗುತ್ತದೆ, ಮರಳುಗಲ್ಲು ಕ್ವಾರ್ಟ್ಜೈಟ್, ಜೇಡಿಶಿಲೆ ಸ್ಲೇಟ್, ಗ್ರಾನೈಟ್ ನೈಸ್.

ಗಾಳಿ, ಮಳೆ, ಸಮುದ್ರ

ವಾಯುಗೋಳದ ಪದರಗಳನ್ನು ಉಷ್ಣಾಂಶದ ಏರಿಳಿತದಿಂದ ಗುರುತಿಸಿ. ಪರಿವರ್ತನಾ ಮಂಡಲದಲ್ಲಿ ಮೇಲೆ ಹೋದಂತೆ ಉಷ್ಣಾಂಶ ಇಳಿಯುತ್ತದೆ, ಏಕೆಂದರೆ ಗಾಳಿ ಕಾಯುವುದು ಕೆಳಗಿನ ನೆಲದಿಂದ. ಇಳಿಕೆ ಪ್ರತಿ 1000 ಮೀಟರಿಗೆ ಸುಮಾರು 6.5° ಸೆಲ್ಸಿಯಸ್, ಕೆಲವು ಪಠ್ಯಗಳಲ್ಲಿ 6.4°. ಸಮೋಷ್ಣ ಮಂಡಲದಲ್ಲಿ ಓಝೋನ್ ಅತಿನೇರಳೆ ಕಿರಣಗಳನ್ನು ಹೀರುವುದರಿಂದ ಏರುತ್ತದೆ. ಮಧ್ಯಂತರ ಮಂಡಲದಲ್ಲಿ ಮತ್ತೆ ಇಳಿತ, ಉಷ್ಣತಾ ಮಂಡಲದಲ್ಲಿ ಮತ್ತೆ ಏರಿಕೆ. ಪರಿವರ್ತನಾ ಮಂಡಲದ ಎತ್ತರ ಸಮಭಾಜಕದಲ್ಲಿ ಸುಮಾರು 18 ಕಿ.ಮೀ., ಧ್ರುವಗಳಲ್ಲಿ 8 ಕಿ.ಮೀ.; ಬಿಸಿ ಗಾಳಿ ಹಿಗ್ಗಿ ಮೇಲೇರುತ್ತದೆಂಬುದನ್ನು ನೆನೆದರೆ ಇದು ತಿರುಗುಮುರುಗಾಗುವುದಿಲ್ಲ. ಅನಿಲಗಳಲ್ಲಿ ಸಾರಜನಕ 78%, ಆಮ್ಲಜನಕ 21%, ಆರ್ಗಾನ್ 0.93%. ಇಂಗಾಲದ ಡೈಆಕ್ಸೈಡ್ ಹಳೆಯ ಪುಸ್ತಕಗಳಲ್ಲಿ 0.03%, ಈಗ 0.04% ದಾಟಿದೆ.

ಗಾಳಿಗೆ ಅದು ಬರುವ ದಿಕ್ಕಿನ ಹೆಸರು, ಸಾಗರ ಪ್ರವಾಹವನ್ನು ಹೇಳುವುದು ಅದು ಹೋಗುವ ದಿಕ್ಕಿನಿಂದ. ನೈರುತ್ಯ ಮಾನ್ಸೂನ್ ನೈರುತ್ಯದಿಂದ ಬರುತ್ತದೆ. ಬಾಣವನ್ನು ಈಶಾನ್ಯದ ಕಡೆಗೆ ಎಳೆಯಬೇಕು. ಆರೋಹ ಮಳೆಗೆ ಪಶ್ಚಿಮ ಘಟ್ಟದ ಅಡ್ಡಕೊಯ್ತ ಬರೆಯಿರಿ: ಗಾಳಿಗೆ ಎದುರಾದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು, ಮಳೆ ನೆರಳಿನ ಚಳ್ಳಕೆರೆಯಲ್ಲಿ 500 ಮಿ.ಮೀ.ಗಿಂತ ಕಡಿಮೆ. ನೆರಳಿನ ಬದಿ ಒಣಗಲು ಎರಡು ಕಾರಣ ಕೊಡಿ. ತೇವ ಆಗಲೇ ಸುರಿದುಹೋಗಿದೆ, ಮತ್ತು ಕೆಳಗಿಳಿಯುವ ಗಾಳಿ ಕಾಯುವುದರಿಂದ ಇನ್ನಷ್ಟು ತೇವವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಎರಡನೆಯದನ್ನು ಬರೆಯುವವರು ಕಡಿಮೆ.

ಸಮುದ್ರದ ಲವಣತೆ ಸರಾಸರಿ 35‰, ಅಂದರೆ 1000 ಗ್ರಾಂ ನೀರಿನಲ್ಲಿ 35 ಗ್ರಾಂ ಲವಣ. ಶೇಕಡಾ ಚಿಹ್ನೆ ಹಾಕಿದರೆ ಹತ್ತು ಪಟ್ಟು ತಪ್ಪು. ಎರಡು ಭರತಗಳ, ಅಂದರೆ ಉಬ್ಬರಗಳ, ನಡುವೆ 12 ಗಂಟೆ 25 ನಿಮಿಷ. ಭೂಮಿ ಅರ್ಧ ಸುತ್ತು ಮುಗಿಸುವಷ್ಟರಲ್ಲಿ ಚಂದ್ರ ತನ್ನ ದಾರಿಯಲ್ಲಿ ಮುಂದೆ ಸರಿದಿರುವುದರಿಂದ ಆ 25 ನಿಮಿಷ. ಹುಣ್ಣಿಮೆ ಮತ್ತು ಅಮಾವಾಸ್ಯೆಯಲ್ಲಿ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿನಲ್ಲಿದ್ದು ಉಬ್ಬರ ಅತಿ ಹೆಚ್ಚು. ಅಷ್ಟಮಿಯ ಸುಮಾರಿಗೆ ಸೂರ್ಯ ಮತ್ತು ಚಂದ್ರ ಲಂಬಕೋನದಲ್ಲಿ ಎಳೆಯುವುದರಿಂದ ಅತಿ ಕಡಿಮೆ. ಈ ಚಿತ್ರದಲ್ಲಿ ಸೂರ್ಯ, ಭೂಮಿ, ಚಂದ್ರರ ಹೆಸರು ಬರೆದು, ನೀರಿನ ಉಬ್ಬನ್ನು ಚಂದ್ರನ ಕಡೆಗೂ ಅದರ ಎದುರು ಬದಿಗೂ ತೋರಿಸಿ. ಒಂದೇ ಬದಿಗೆ ಉಬ್ಬು ಬರೆದರೆ, ದಿನಕ್ಕೆ ಎರಡು ಬಾರಿ ಭರತ ಏಕೆ ಎಂಬ ಪ್ರಶ್ನೆಗೆ ನಿಮ್ಮ ಚಿತ್ರ ಉತ್ತರ ಕೊಡಲಾರದು.